ಹಳೆಯ ಮೋಟಾರಿನ ಋಣ

ಹುಕ್ಕೇರಿಯ ಸೀಮೆಯ ಒಂದು ಹಳ್ಳಿಯಲ್ಲಿ ಒಂದು ಹಳೆಯ ವಾಡೆ ಇರುವದೆಂದು ವಾಚಕರು ಭಾವಿಸಬೇಕು. ವಾಡೆಯ ಹಿತ್ತಲಲ್ಲಿ ದನದ ಕೊಟ್ಟಿಗೆ. ಅದರ ಒಂದು ಮೂಲೆಯಲ್ಲಿ, ಕಣಿಕೆಯ ಸಿವುಡುಗಳ ಕೆಳಗೆ, ಕೋಳಿಗಳಿಗೆ ಮನೆಯಾಗಿ ನಿಂತಿರುವದು 1960ರ ದಶಕದ ಒಂದು ಫಿಯಾಟ್ 1100 ಮೋಟಾರು. ಯಜಮಾನರು ತೀರಿಕೊಂಡು ಬಹಳ ವರ್ಷಗಳಾದವು; ಮಕ್ಕಳು ಪುಣೆಯಲ್ಲಿಯೂ ಬೆಂಗಳೂರಿನಲ್ಲಿಯೂ ನೆಲಸಿದರು; ಮನೆಯಲ್ಲಿ ವೃದ್ಧೆಯೊಬ್ಬಳೇ ಉಳಿದಿರುವಳು. ಗೋಕಾಕದ ಕಡೆಯ ಒಬ್ಬ ಗೃಹಸ್ಥನು, ಕಬ್ಬು ಬೆಳೆಯುವವನು, ಹಳೆಯ ಮೋಟಾರುಗಳನ್ನು ಕೂಡಿಸುವ ಹವ್ಯಾಸವುಳ್ಳವನು, ಸುದ್ದಿ ತಿಳಿದು ಅಲ್ಲಿಗೆ ಬರುವನು. ಕಣಿಕೆಯನ್ನು ಸರಿಸಿ, ದೀಪದ ಬಳೆಯನ್ನೂ ಬಾಗಿಲಿನ ಹಿಡಿಕೆಯನ್ನೂ ಮುಟ್ಟಿ ನೋಡಿ, ಎಲ್ಲವೂ ಹುಟ್ಟಿದಾಗಿನವೇ ಎಂದು ಮನಗಂಡು, ಎದೆಯ ಬಡಿತವನ್ನು ಅಡಗಿಸಿಕೊಂಡು ಕೇಳುವನು:

“ಇದಕ್ಕೇನು ಕೊಡಬೇಕ್ರಿ, ಅವ್ವಾರ?”

“ಮೋಡಕಾದವ ತೂಕದ ಮ್ಯಾಲೆ ಕೇಳಿ ಹೋಗ್ಯಾನ. ನೀವೂ ಅಷ್ಟ ಕೊಡ್ರಿ, ಸಾವಕಾರ. ಒಂದ್ ಎಮ್ಮಿ ಕಟ್ಟಾಕ ಜಾಗಾ ಆಗತೈತಿ.”

ಆ ಗಾಡಿಯ ತೂಕ ಒಂದು ಟನ್ನಿಗೆ ತುಸು ಕಡಿಮೆ. ಅದರ ನಿಜವಾದ ಬೆಲೆ ಆ ತೂಕದ ಬೆಲೆಯ ಹಲವು ಪಟ್ಟೆಂಬದನ್ನು ಬಂದವನು ಬಲ್ಲನು, ಮುದುಕಿಯು ಅರಿಯಳು. ಅವನು ಸುಳ್ಳಾಡಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು. ಈ ಸುಮ್ಮನಿರುವಿಕೆಯು ಧರ್ಮವೋ ಅಧರ್ಮವೋ ಎಂಬದೇ ಇಲ್ಲಿ ವಿಚಾರಿಸತಕ್ಕ ಸಂಗತಿ.

ಗಡಿಸೀಮೆಯಲ್ಲಿ ಮರಾಠಿ ಮಾತು ಬೆರೆತುದರಿಂದ ಒಡಕು ಲೋಹಕ್ಕೆ ‘ಭಂಗಾರ’ವೆಂಬ ಹೆಸರೂ ಇರುವದು. ಒಂದು ಮಹಾಪ್ರಾಣವು ಬಾಯಿಂದ ಜಾರಿದರೆ ಅದು ಬಂಗಾರ. ಮೋಟಾರು ಕೂಡಿಸುವವರ ವ್ಯವಹಾರವೆಲ್ಲ ಈ ಒಂದು ಅಕ್ಷರದ ಎಡೆಯಲ್ಲಿಯೇ ನಡೆಯುವದೆಂದರೆ ತಪ್ಪಾಗದು. ಮಾರುವವರು ಭಂಗಾರವೆನ್ನುವರು, ಕೊಳ್ಳುವವರು ಬಂಗಾರವೆಂದು ಬಲ್ಲರು.

ಪ್ರಶ್ನೆಯು ಹೊಸದಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸಿಸೆರೋ ಎಂಬ ಪಂಡಿತನು ಕರ್ತವ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ ಒಂದು ಕಥೆಯನ್ನು ಚರ್ಚಿಸಿರುವನು. ರೋಡ್ಸ್ ದ್ವೀಪದಲ್ಲಿ ಬರ ಬಿದ್ದಿದೆ. ಅಲೆಕ್ಸಾಂಡ್ರಿಯದಿಂದ ಒಬ್ಬ ವರ್ತಕನು ಧಾನ್ಯದ ಹಡಗನ್ನು ತಂದಿರುವನು. ಇನ್ನೂ ಹಲವು ಹಡಗುಗಳು ಹಿಂದೆ ಬರುತ್ತಿರುವದನ್ನು ಅವನು ಕಂಡಿರುವನು. ಜನರಿಗೆ ಅದನ್ನು ತಿಳಿಸಬೇಕೇ, ಸುಮ್ಮನಿದ್ದು ಹೆಚ್ಚಿನ ಬೆಲೆಗೆ ಮಾರಬೇಕೇ? ಡಯೊಜಿನೀಸನೆಂಬ ತತ್ತ್ವಜ್ಞನು, ಹೇಳದಿರುವದು ಬೇರೆ, ಮರೆಮಾಚುವದು ಬೇರೆ ಎಂದು ವರ್ತಕನ ಪಕ್ಷವನ್ನು ಹಿಡಿದನು. ಅವನ ಶಿಷ್ಯನಾದ ಆಂಟಿಪೇಟರನು, ಕೊಳ್ಳುವವನಿಗೆ ತಿಳಿಯದ್ದೊಂದೂ ಮಾರುವವನಿಗೆ ತಿಳಿದಿರಬಾರದೆಂದನು. ಸಿಸೆರೋ ಶಿಷ್ಯನ ಕಡೆಗೇ ವಾಲಿದನು. ಆದರೆ ಹುಕ್ಕೇರಿಯ ಕೊಟ್ಟಿಗೆಗೆ ಹೆಚ್ಚು ಹತ್ತಿರವಾದುದು ಅದೇ ಗ್ರಂಥದ ಇನ್ನೊಂದು ಚಿಕ್ಕ ಸಂಗತಿ. ಸ್ಕೀವೊಲನೆಂಬವನು ಒಂದು ಹೊಲವನ್ನು ಕೊಳ್ಳಹೋಗಿ, ಒಂದೇ ಮಾತಿನಲ್ಲಿ ಬೆಲೆ ಹೇಳೆಂದು ಒಡೆಯನನ್ನು ಕೇಳಿದನು. ಹೇಳಿದ ಮೇಲೆ, ಇದು ಅದಕ್ಕಿಂತ ಹೆಚ್ಚು ಬಾಳುವದೆಂದು ಒಂದು ಲಕ್ಷ ನಾಣ್ಯಗಳನ್ನು ಕೂಡಿಸಿ ಕೊಟ್ಟನು. ಇದು ಸಜ್ಜನನ ಕೆಲಸವೆಂದು ಎಲ್ಲರೂ ಒಪ್ಪಿದರಂತೆ, ಜಾಣನ ಕೆಲಸವೆಂದು ಮಾತ್ರ ಒಪ್ಪಲಿಲ್ಲವಂತೆ. ಗೋಕಾಕದ ಪೇಟೆಯಲ್ಲಿಯೂ ಇಂದು ಬೇರೆ ತೀರ್ಪು ದೊರೆಯಲಾರದು.

ಆದರೆ ಹೊಲಕ್ಕೂ ಧಾನ್ಯಕ್ಕೂ ಇರುವ ಬೆಲೆ ಹಸಿವೆಯಿಂದ ಹುಟ್ಟಿದ್ದು. ಹಳೆಯ ಮೋಟಾರಿನ ಬೆಲೆ ಎಲ್ಲಿಂದ ಹುಟ್ಟುವದು? ಉಪಯೋಗದಿಂದಲ್ಲವೆಂಬದು ನಿರ್ವಿವಾದ. 2021ರ ಜುಲೈಯಲ್ಲಿ ಕೇಂದ್ರ ಸರಕಾರವು ಹಳೆಯ ಮೋಟಾರುಗಳಿಗಾಗಿ ಪ್ರತ್ಯೇಕ ನಿಯಮಗಳನ್ನು ಮಾಡಿತು. ಐವತ್ತು ವರ್ಷ ಮೀರಿ, ಮೂಲರೂಪವನ್ನು ಕಳೆದುಕೊಳ್ಳದೆ ಉಳಿದ ಗಾಡಿಗೆ ‘ವಿಎ’ ಎಂಬ ಅಕ್ಷರಗಳುಳ್ಳ ಸಂಖ್ಯೆಯು ದೊರೆಯುವದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಗಳ ಮೇಲೆ ಮರುನೋಂದಣಿಗೆ 5,000 ರೂಪಾಯಿ. ಇಂಥ ನೋಂದಣಿಯನ್ನು ಪಡೆದ ಗಾಡಿಯನ್ನು ಪ್ರದರ್ಶನಕ್ಕೆ, ಹಳೆಯ ಮೋಟಾರುಗಳ ಮೆರವಣಿಗೆಗೆ, ತಾಂತ್ರಿಕ ಸಂಶೋಧನೆಗೆ, ಇಲ್ಲವೆ ಎಣ್ಣೆ ಹಾಕಿಸಲು ಮತ್ತು ದುರಸ್ತಿಗೆ ಮಾತ್ರ ಹಾದಿಗೆ ತರಬಹುದು. ನಿತ್ಯದ ಓಡಾಟಕ್ಕೆ ತರಲಾಗದು. ಸಂತೆಗೆ ಹೋಗಲಿಕ್ಕೂ ಬಾರದ ವಾಹನಕ್ಕೆ ಲಕ್ಷಗಳನ್ನು ಸುರಿಯುವರು! ಹುಚ್ಚೆಂದು ನಗುವವರು ನಗಲಿ. ಆದರೆ ಹಬ್ಬಕ್ಕೊಮ್ಮೆ ಪೆಟ್ಟಿಗೆಯಿಂದ ಹೊರಬರುವ ಅಜ್ಜಿಯ ಇಳಕಲ್ ಸೀರೆಯನ್ನೂ ಹೀಗೆಯೇ ನಗಬೇಕಾದೀತು.

ಈ ಬೆಲೆಯು ಹುಟ್ಟುವದು ಉಳಿವಿನಿಂದ. ಉಳಿದವರು ತಮ್ಮ ಗಾಡಿಗಳನ್ನು ಮುರಿಸಿದುದರಿಂದಲೇ ಮುರಿಯದೆ ಉಳಿದುದಕ್ಕೆ ಬೆಲೆ ಬಂದಿತು. ಒಂದು ಕಾಲದಲ್ಲಿ ತಾಲೂಕಿನ ಪ್ರತಿಯೊಂದು ಕಚೇರಿಯ ಮುಂದೆ ನಿಂತಿರುತ್ತಿದ್ದ ಅಂಬಾಸಡರ ಗಾಡಿಯ ತಯಾರಿಕೆಯು 2014ರಲ್ಲಿ ನಿಂತಿತು. ಮುಂಬಯಿಯ ಬೀದಿಗಳನ್ನು ತುಂಬಿದ್ದ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಕ್ಕೆ ಮುಗಿದವು. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಹಳೆಯ ಗಾಡಿಗಳನ್ನು ಗೌರವಿಸುವ ನಿಯಮ ಹೊರಟ 2021ರಲ್ಲಿಯೇ ಹಳೆಯ ಗಾಡಿಗಳನ್ನು ಮುರಿಯಲು ಪ್ರೋತ್ಸಾಹ ಕೊಡುವ ನೀತಿಯೂ ಹೊರಟಿತು. ಹದಿನೈದು-ಇಪ್ಪತ್ತು ವರ್ಷಗಳಾದ ಗಾಡಿ ಹೊಲಸು; ಐವತ್ತು ದಾಟಿದ ಗಾಡಿ ಪೂಜ್ಯ. ನಡುವಿನ ಮೂವತ್ತು ವರ್ಷ ಅದನ್ನು ಕಾಯುವವರಾರು? ಆ ಕಾಲದಲ್ಲಿ ಅದಕ್ಕೆ ಬೆಲೆಯಿಲ್ಲ, ಮಾನವಿಲ್ಲ, ನೋಡಬರುವವರಿಲ್ಲ. “ಅಪ್ಪ ತಂದದ್ದು, ಇರಲಿ” ಎಂಬ ಒಂದೇ ಮಾತಿನ ಬಲದ ಮೇಲೆ ಅದು ಕೊಟ್ಟಿಗೆಯಲ್ಲಿ ನಿಲ್ಲುವದು. ಮೋಡಕಾದವನು ಬಂದಾಗಲೆಲ್ಲ ಬೇಡವೆಂದು ಮರಳಿಸಿದವಳು ಆ ಮುದುಕಿ. ಕೊಳ್ಳಬಂದವನ ಕಣ್ಣಿಗೆ ಬಿದ್ದ ಬಂಗಾರವನ್ನು ಮಾಡಿದವಳು ಅವಳೇ. ಆದುದರಿಂದ ಅವನು ತೂಕದ ಬೆಲೆ ಕೊಟ್ಟರೆ ಲೋಹದ ಬೆಲೆ ಸಂದಿತು, ಮೂವತ್ತು ವರ್ಷಗಳ ಕಾವಲಿನ ಬೆಲೆ ಸಲ್ಲಲಿಲ್ಲ. ಬೆಲೆ ತೀರಿದರೂ ಋಣ ತೀರದು ಎನ್ನುವಂಥ ಸಂದರ್ಭವೇ ಇದು.

ಇದಕ್ಕೆ ಒಂದು ಆಕ್ಷೇಪವುಂಟು, ಅದು ಬಲವಾದದ್ದು. ನಿಜವನ್ನು ಹೇಳಿದರೆ ಬೆಲೆ ಏರುವದು. ಪುಣೆಯ ಮಕ್ಕಳಿಗೆ ಸುದ್ದಿ ಮುಟ್ಟುವದು. ಅವರು ಮುಂಬಯಿಯ ಹರಾಜಿನ ಕನಸು ಕಾಣುವರು. ಗಾಡಿ ಮಾರದೆ ಅಲ್ಲಿಯೇ ತುಕ್ಕು ತಿಂದು ಒಂದು ಮಳೆಗಾಲದಲ್ಲಿ ಕುಸಿಯುವದು. ಸುಮ್ಮನಿದ್ದರೆ ಮೋಟಾರಾದರೂ ಬದುಕುವದಷ್ಟೆ? ಮೋಟಾರನ್ನು ಪ್ರೀತಿಸುವವನ ಬಾಯಲ್ಲಿ ಈ ವಾದವು ಕಪಟವಲ್ಲ. ಆದರೂ ಇದರಲ್ಲಿ ಒಂದು ಸಂದು ಇರುವದು: ತುಕ್ಕಿನಿಂದ ಗಾಡಿಯನ್ನು ಉಳಿಸುವ ಪುಣ್ಯವನ್ನು ಅವನು ಮುದುಕಿಯ ಹಣದಿಂದ ಸಂಪಾದಿಸುತ್ತಿರುವನು. ದಾನವನ್ನು ಕೊಡತಕ್ಕವನು ತನ್ನ ಚೀಲದಿಂದ ಕೊಡಬೇಕು.

ತನ್ನ ಚೀಲವೆಂದ ಮೇಲೆ ಆ ಚೀಲದ ಆಳವನ್ನೂ ನೋಡಬೇಕಾಗುವದು. ಪರದೇಶದ ಹರಾಜುಗಳ ಮಾತು ಇಲ್ಲಿ ಬೇಡ. 1955ರ ಒಂದು ಮರ್ಸಿಡಿಸ್ ಗಾಡಿಯು 2022ರಲ್ಲಿ 13 ಕೋಟಿ 50 ಲಕ್ಷ ಯೂರೋಗಳಿಗೆ ಮಾರಿತೆಂದು ಕೇಳಿ ಬೆರಗಾಗಬಹುದಲ್ಲದೆ ಅದರಿಂದ ಗೃಹಸ್ಥನು ಕಲಿಯತಕ್ಕದ್ದೇನೂ ಇಲ್ಲ. ಮೂಡಲಗಿ ತಾಲೂಕಿನ ಗುರ್ಲಾಪುರದ ಅಳತೆಗೋಲೇ ಅವನಿಗೆ ತಕ್ಕುದು. 2025ರ ನವೆಂಬರದಲ್ಲಿ ಆ ಕೂಡುಹಾದಿಯಲ್ಲಿ ರೈತರು ಟನ್ನು ಕಬ್ಬಿಗೆ 3,500 ರೂಪಾಯಿ ಬೇಕೆಂದು ಹಗಲಿರುಳು ಕುಳಿತರು. ಕೊನೆಗೆ 3,300 ರೂಪಾಯಿಗೆ ಒಪ್ಪಿ ಎದ್ದರು. ಈಗ ಖರೀದಿ, ಸಾಗಾಟ, ದುರಸ್ತಿ ಎಲ್ಲ ಸೇರಿ ಒಂದು ಮೋಟಾರಿಗೆ 6,60,000 ರೂಪಾಯಿ ತಗಲಿತೆಂದರೆ ಅದು 200 ಟನ್ನು ಕಬ್ಬು. ಎಕರೆಗೆ 40 ಟನ್ನು ಬಂತೆಂದು ಹಿಡಿದರೆ ಐದು ಎಕರೆಯ ಒಂದು ವರ್ಷದ ಬೆಳೆ. ಅದರಲ್ಲಿ ಬೀಜ, ಗೊಬ್ಬರ, ನೀರು, ಆಳುಗಳ ಖರ್ಚನ್ನು ಇನ್ನೂ ಕಳೆದಿಲ್ಲ. ಆ ಐದು ಎಕರೆಯಲ್ಲಿ ಕಳೆ ತೆಗೆದವಳು ಯಾರು? ಸೊಸೈಟಿಯ ಸಾಲದ ಕಾಗದಕ್ಕೆ ಜತೆಗೆ ಸಹಿ ಮಾಡಿದವಳು ಯಾರು? ಮೋಟಾರು ಮನೆಗೆ ಬಂದ ದಿನ ಆರತಿ ಎತ್ತುವವಳ ಕೊರಳಲ್ಲಿ ನಿನ್ನೆಯವರೆಗೆ ಇದ್ದ ಸರವು ಇಂದು ಇಲ್ಲದಿದ್ದರೆ, ಅದು ಅವಳ ಒಪ್ಪಿಗೆಯಿಂದ ಹೋಯಿತೋ, ಮೌನದಿಂದ ಹೋಯಿತೋ? ಮುದುಕಿಯ ಮುಂದೆ ಸುಮ್ಮನಿದ್ದು ಲಾಭ ಮಾಡಿಕೊಳ್ಳುವವನು ಹೆಂಡತಿಯ ಸುಮ್ಮನಿರುವಿಕೆಯಿಂದಲೂ ಲಾಭ ಮಾಡಿಕೊಳ್ಳುವ ಸಂಭವವುಂಟು.

ಈ ಜಿಲ್ಲೆಯ ಜೈನ ಗೃಹಸ್ಥರಿಗೆ ಪರಿಚಿತವಾದ ಒಂದು ವ್ರತವನ್ನು ಇಲ್ಲಿ ಎಲ್ಲರೂ ನೆನೆಯಬಹುದು. ಶ್ರಾವಕನಿಗೆ ವಿಧಿಸಿದ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹಪರಿಮಾಣ. ಮುನಿಯಂತೆ ಎಲ್ಲವನ್ನೂ ಬಿಡೆಂದು ಅದು ಹೇಳುವದಿಲ್ಲ. ಇಷ್ಟು ಹೊಲ, ಇಷ್ಟು ಬಂಗಾರ, ಇಷ್ಟು ವಾಹನವೆಂದು ಆಸೆ ಹುಟ್ಟುವ ಮೊದಲೇ ಎಲ್ಲೆ ಹಾಕಿಕೊಳ್ಳೆನ್ನುವದು. ಆಚಾರ್ಯರು ಪರಿಗ್ರಹಕ್ಕೆ ಮೂರ್ಛೆಯೆಂದು ಹೆಸರಿಟ್ಟಿರುವರು. ಎಷ್ಟೊಂದು ಸರಿಯಾದ ಶಬ್ದ! ಒಂದು ಮೋಟಾರನ್ನು ತನ್ನ ಕೈಯಿಂದ ತಿಕ್ಕಿ, ಅದರ ಸದ್ದಿನ ಏರಿಳಿತವನ್ನು ಬಲ್ಲವನು ಎಚ್ಚರದಲ್ಲಿರುವನು. ಹನ್ನೆರಡನೆಯದನ್ನು ಕೊಂಡು, ಮೂರನೆಯದು ಯಾವ ತಗಡಿನ ಕೆಳಗೆ ನಿಂತಿದೆಯೆಂದು ಮರೆತವನು ಮೂರ್ಛೆ ಹೋದವನೇ ಸರಿ. ಗಾಡಿಗಳು ಅವನವಾಗಿರಬಹುದು, ಆದರೆ ಕೊಟ್ಟಿಗೆಯಲ್ಲಿ ಅವಕ್ಕಿದ್ದ ಕೋಳಿಗಳ ಸಹವಾಸವೂ ಈಗಿಲ್ಲ.

ಸಂಗ್ರಹವೆಲ್ಲ ಮೂರ್ಛೆಯೆಂದಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಮೋಟಾರುಗಳನ್ನು ಯಾತ್ರಿಕರೆಲ್ಲರೂ ನೋಡುವರು. ಅದೇ ಸ್ಥಳದ ಧರ್ಮಾಧಿಕಾರಿಗಳ ಸಂಗ್ರಹವನ್ನೊಳಗೊಂಡ ‘ಪಯಣ’ವು 2023ರಲ್ಲಿ ಶ್ರೀರಂಗಪಟ್ಟಣದ ಬಳಿ ಜನರಿಗಾಗಿ ತೆರೆಯಿತು. ಹುಕ್ಕೇರಿಗೆ ಇನ್ನೂ ಸಮೀಪದಲ್ಲಿ, ಕೊಲ್ಲಾಪುರದ ದಸರೆಯಲ್ಲಿ, ಛತ್ರಪತಿಗಳ ಮನೆತನದವರು ಹಳೆಯ ಮೇಬ್ಯಾಕ್ ಗಾಡಿಯಲ್ಲಿ ಬನ್ನಿಯ ಮುಹೂರ್ತಕ್ಕೆ ಬರುವರು. ಒಡೆತನ ಒಬ್ಬರದು, ನೋಟ ಊರಿನದು.

ಇನ್ನು ಮಿಸ್ತ್ರಿಯ ಮಾತು. ತುಕ್ಕು ತಿಂದ ತಗಡನ್ನು ಕತ್ತರಿಸಿ, ಹೊಸ ತಗಡನ್ನು ಮರದ ಸುತ್ತಿಗೆಯಿಂದ ಬಡಿಬಡಿದು ಹಳೆಯ ಬಾಗಿಗೆ ತರುವವನು ಅವನು. ದೊರೆಯದ ಬಿಡಿಭಾಗದ ನಮೂನೆಯನ್ನು ಬೆಳಗಾವಿಯ ಎರಕದ ಕಾರಖಾನೆಗೋ ಕೊಲ್ಲಾಪುರದ ಲೇಥಿಗೋ ಒಯ್ದು ಮಾಡಿಸಿ ತರುವವನೂ ಅವನೇ. ಈ ಕೆಲಸವನ್ನು ಕಲಿಸುವ ಶಾಲೆಯಿಲ್ಲ. ಅದು ಕೈಯಿಂದ ಕೈಗೆ ಬಂದದ್ದು. ಆದರೂ ಮುಂಬಯಿಯಿಂದ ತರಿಸಿದ ಬಣ್ಣದ ಡಬ್ಬಿಗೆ ಹೇಳಿದ ಬೆಲೆಯನ್ನು ಕೊಡುವವನೇ ಮಿಸ್ತ್ರಿಯ ಕೂಲಿಯಲ್ಲಿ ಚೌಕಾಸಿ ಮಾಡುವನು. “ಸುಗ್ಗಿ ಆಗಲಿ” ಎಂದು ಮುಂದೂಡುವನು. ಕಬ್ಬಿನ ಬಿಲ್ಲನ್ನು ಹದಿನಾಲ್ಕು ದಿನಗಳೊಳಗೆ ಕೊಡಬೇಕೆಂದೂ, ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಕೊಡಬೇಕೆಂದೂ 1966ರ ಕಬ್ಬು ನಿಯಂತ್ರಣ ಆಜ್ಞೆಯಿರುವದನ್ನು ಬಾಯಿಪಾಠ ಮಾಡಿದ ರೈತನು ಮಿಸ್ತ್ರಿಗೂ ಅದೇ ಹದಿನಾಲ್ಕು ದಿನಗಳನ್ನು ಲೆಕ್ಕ ಹಾಕಬೇಕಲ್ಲವೆ? ಕಾಯಕದ ಮಾತು ಈ ನಾಡಿನಲ್ಲಿ ಹುಟ್ಟಿ ಎಂಟು ನೂರು ವರ್ಷಗಳ ಮೇಲಾದವು. ಕಾಯಕ ಮಾಡಿದವನ ಕೂಲಿ ಇನ್ನೂ ಸುಗ್ಗಿಯ ದಾರಿ ಕಾಯುತ್ತಿರುವದು.

ಮಿಸ್ತ್ರಿಯ ಕೈಯಿಂದ ಹೊಸ ತಗಡು, ಹೊಸ ಗದ್ದಿ, ಹೊಸ ತಂತಿ ಎಲ್ಲವೂ ಬಂದ ಮೇಲೆ ಅದು ಹಳೆಯ ಮೋಟಾರೇ ಹೌದೇ ಎಂದು ತಾರ್ಕಿಕರು ಕೇಳುವರು. ಉತ್ತರವು ಗೋಕಾಕದ ಗೊಂಬೆಯಂಗಡಿಯಲ್ಲಿರುವದು. ಅಲ್ಲಿಯ ಜೀನಗಾರರು ಹಗುರಾದ ಕಟ್ಟಿಗೆಯಲ್ಲಿ ಕೆತ್ತಿ ಬಣ್ಣ ಹಚ್ಚಿದ ಮಾವಿನಹಣ್ಣು ಕಣ್ಣಿಗೆ ನಿಜವಾದ ಹಣ್ಣೇ. ಆದರೂ ಅದು ಯಾರಿಗೂ ಮೋಸ ಮಾಡಿಲ್ಲ, ಏಕೆಂದರೆ ಅದನ್ನು ಕಟ್ಟಿಗೆಯೆಂದು ಹೇಳಿಯೇ ಮಾರುವರು. ಬದಲಿಸಿದ್ದನ್ನು ಬದಲಿಸಿದ್ದೆಂದು ಬರೆದಿಟ್ಟವನ ಮೋಟಾರು ಹಳೆಯದೇ. ಬೇರೊಂದು ಗಾಡಿಯ ಸಂಖ್ಯೆಯನ್ನು ಕೊರೆದು ಅಸಲು ಎಂದವನದು ನಿನ್ನೆಯ ಗಾಡಿ.

ಮತ್ತೆ ಕೊಟ್ಟಿಗೆಗೆ. ಗೋಕಾಕದ ಗೃಹಸ್ಥನು ಮಾಡಬೇಕಾದುದು ಸ್ಕೀವೊಲನಷ್ಟು ದೊಡ್ಡದಲ್ಲ. ದುರಸ್ತಿಗೆ ತಗಲುವ ವೆಚ್ಚವನ್ನೂ ತನ್ನ ಮನೆಯಲ್ಲಿ ಮೊದಲೇ ಮಾತಾಡಿ ನಿಶ್ಚಯಿಸಿದ ಎಲ್ಲೆಯನ್ನೂ ಮುಚ್ಚುಮರೆಯಿಲ್ಲದೆ ಹೇಳಬಹುದು: “ಅವ್ವಾರ, ಇದು ಮೋಡಕಾ ಅಲ್ಲ. ಪ್ಯಾಟ್ಯಾಗ ಇದಕ್ಕ ಹೆಚ್ಚಿಗಿ ಬರತೈತಿ. ನನ್ನ ಕೈಲೆ ಇಷ್ಟ ಆಗತೈತಿ. ಮಕ್ಕಳನ್ನ ಕೇಳ್ರಿ.” ಮಕ್ಕಳು ಒಪ್ಪದಿದ್ದರೆ ಅವನು ಬರಿಗೈಯಿಂದ ಮರಳಬೇಕಾಗುವದು, ಹಾಗೆ ಮರಳುವದು ಸಾಧ್ಯವೆಂದು ತಿಳಿದೇ ಅವನು ಬಾಯಿ ತೆರೆಯಬೇಕು. ಒಪ್ಪಿದರೆ ಮುದುಕಿಯು ಹಣವನ್ನು ಎಣಿಸಿ ಸೆರಗಿಗೆ ಕಟ್ಟಿಕೊಂಡು ಒಂದು ಮಾತು ಕೇಳಬಹುದು: ನೆಟ್ಟಗಾದ ಮೇಲೆ ಒಂದು ಸಲ ಈ ಬಾಗಿಲ ಮುಂದೆ ಹಾಯಿಸಿಕೊಂಡು ಹೋಗುವಿರಾ, ಎಂದು. ವಿಎ ಸಂಖ್ಯೆಯ ಗಾಡಿ ಮನಬಂದಲ್ಲಿ ತಿರುಗಕೂಡದೆಂಬುದು ನಿಯಮ. ಆದರೆ ಎಣ್ಣೆ ಹಾಕಿಸಲು ಹೋಗಲು ಅಡ್ಡಿಯಿಲ್ಲ. ಎಣ್ಣೆಯ ಪಂಪು ಹುಕ್ಕೇರಿಯಲ್ಲಿಯೂ ಇರುವದು.