ಸಾಲಿನಲ್ಲಿ ನಿಂತ ನಂಬಿಕೆ

ಒಬ್ಬರ ನಂಬಿಕೆಯಲ್ಲಿ ಅವರದೇ ಆದದ್ದೆಷ್ಟು, ಸುತ್ತಲಿನವರಿಂದ ಬಂದದ್ದೆಷ್ಟು? ಕೆಂಗೇರಿ ಉಪನಗರದಂಥ ಬಡಾವಣೆಯಲ್ಲಿ ಗಣೇಶನ ಹಬ್ಬದ ಚಂದಾ ಪುಸ್ತಕ ಈ ಪ್ರಶ್ನೆಯ ಒಂದು ತುದಿಯನ್ನು ತೋರಿಸುತ್ತದೆ. ಬಾಗಿಲಿಗೆ ಬಂದ ಹುಡುಗರು ರಸೀದಿ ಬರೆಯುವ ಮೊದಲು ಹಿಂದಿನ ಹಾಳೆಗಳನ್ನು ತಿರುವುತ್ತಾರೆ: ಎದುರುಮನೆಯವರು ಐನೂರು, ಮೂಲೆ ಅಂಗಡಿಯವರು ಸಾವಿರ. ಇನ್ನೂರು ಹಿಡಿದು ಬಂದ ಕೈ ಮತ್ತೆ ಒಳಗೆ ಹೋಗುತ್ತದೆ. ಬದಲಾದದ್ದು ಮೊತ್ತ ಮಾತ್ರ. ಭಕ್ತಿ ಇದ್ದಷ್ಟೇ ಇದೆ. ನಡೆ ಬದಲಾಗುವುದು ಬೇರೆ, ನಂಬಿಕೆ ಬದಲಾಗುವುದು ಬೇರೆ. ಆದರೆ ಒಬ್ಬರ ನಡೆ ಇನ್ನೊಬ್ಬರ ನಂಬಿಕೆಗೆ ಆಧಾರವಾಗಬಲ್ಲದು.

ಅದು ಹೇಗೆಂಬುದು 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಹಬ್ಬಿದ ‘ನಾಳೆ ಬಾ’ ವದಂತಿಯಲ್ಲಿ ಚೆನ್ನಾಗಿ ಕಾಣುತ್ತದೆ. ರಾತ್ರಿ ದೆವ್ವವೊಂದು ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕೂಗುತ್ತದೆ, ಬಾಗಿಲು ತೆರೆದವರು ಬದುಕುವುದಿಲ್ಲ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರೆ ಓದಿಕೊಂಡು ಹೋಗಿಬಿಡುತ್ತದೆ, ಮರುದಿನ ಬಂದಾಗಲೂ ಅದನ್ನೇ ಓದುತ್ತದೆ. ಕನ್ನಡ ಓದಲು ಬರುವ, ದಿನದ ಲೆಕ್ಕ ಮಾತ್ರ ಬಾರದ ದೆವ್ವ. ಕಥೆಯನ್ನು ಮನಸಾರೆ ನಂಬಿದವರು ಎಷ್ಟು ಮಂದಿಯೋ, ಬರೆದವರಂತೂ ಬಹಳ. ಸೀಮೆಸುಣ್ಣದ ಚೂರಿಗೆ ಖರ್ಚೇನೂ ಇಲ್ಲ; ಬರೆಯದೆ ಬಿಟ್ಟು ಮನೆಯಲ್ಲಿ ಮಗುವಿಗೆ ಜ್ವರ ಬಂದರೆ ಅತ್ತೆಯಿಂದ ಮಾತು ಕೇಳಬೇಕು. ಹೀಗೆ ಅರೆಮನಸ್ಸಿನಿಂದ ಬರೆದ ಬಾಗಿಲೂ ಬೀದಿಯಲ್ಲಿ ಹೋಗುವವರ ಕಣ್ಣಿಗೆ ಪೂರ್ತಿ ನಂಬಿದ ಬಾಗಿಲಿನಂತೆಯೇ ಕಾಣುತ್ತಿತ್ತು. ಹತ್ತು ಬಾಗಿಲ ನಡುವೆ ಬರೆಯದ ಒಂದು ಬಾಗಿಲು ಎದ್ದು ಕಾಣುತ್ತಿತ್ತು. ಒಳಗೊಳಗೆ ಯಾರಿಗೂ ಗಟ್ಟಿ ನಂಬಿಕೆಯಿಲ್ಲದೆಯೂ ಒಂದು ನಂಬಿಕೆ ಇಡೀ ಬೀದಿಯನ್ನು ಆಳಬಹುದು.

1995ರ ಸೆಪ್ಟೆಂಬರ್ 21ರ ಗುರುವಾರ ಇದರ ದೊಡ್ಡ ರೂಪ ಕಂಡಿತು. ಗಣೇಶನ ವಿಗ್ರಹ ಹಾಲು ಕುಡಿಯುತ್ತಿದೆ ಎಂಬ ಸುದ್ದಿ ಉತ್ತರ ಭಾರತದಲ್ಲಿ ಹುಟ್ಟಿ, ದೂರವಾಣಿಯ ಮೂಲಕ ಕೆಲವೇ ಗಂಟೆಗಳಲ್ಲಿ ದೇಶವನ್ನು ಆವರಿಸಿ ಲಂಡನ್‌ವರೆಗೂ ಹೋಯಿತು. ಗುಡಿಗಳ ಮುಂದೆ ಸಾಲು ಬೆಳೆಯಿತು, ಅಂಗಡಿಗಳಲ್ಲಿ ಹಾಲು ಮುಗಿಯಿತು. ವಿಗ್ರಹಕ್ಕೆ ತಾಗಿಸಿದ ಚಮಚದಲ್ಲಿ ಹಾಲು ಇಳಿಯುತ್ತಿದ್ದುದು ಸುಳ್ಳಲ್ಲ. ಮೇಲ್ಮೈ ಸೆಳೆತದಿಂದ ಹಾಲು ಚಮಚದ ಅಂಚು ದಾಟಿ, ತೆಳುವಾದ ಪದರವಾಗಿ ವಿಗ್ರಹದ ಮೈಮೇಲೆ ಕೆಳಗಿಳಿಯುತ್ತಿತ್ತು. ದೆಹಲಿಯಲ್ಲಿ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ಅದು ಹರಿಯುವ ದಾರಿಯನ್ನು ತೋರಿಸಿದರು. ಭೌತಶಾಸ್ತ್ರದ ವಿವರ ಅಷ್ಟಕ್ಕೇ ಮುಗಿಯುತ್ತದೆ. ಕುತೂಹಲವಿರುವುದು ಸಾಲಿನಲ್ಲಿ ನಿಂತವರ ವಿಷಯದಲ್ಲಿ. ಚಮಚ ಎತ್ತುವ ಹೊತ್ತಿಗೆ ಅವರು ಏನನ್ನು ಕಾಣಬೇಕೆಂಬುದು ಆಗಲೇ ನಿಶ್ಚಯವಾಗಿತ್ತು. ಇಷ್ಟು ಜನ ಬಂದಿದ್ದಾರೆಂದ ಮೇಲೆ ಏನೋ ಇರಲೇಬೇಕು ಎಂದು ಪ್ರತಿಯೊಬ್ಬರೂ ಮುಂದಿನವರನ್ನು ನೋಡಿ ತಿಳಿದರು. ಮುಂದಿನವರು ಅದನ್ನು ತಿಳಿದದ್ದು ತಮ್ಮ ಮುಂದಿನವರಿಂದ.

ಭಾರತೀಯ ತರ್ಕಶಾಸ್ತ್ರ ಇನ್ನೊಬ್ಬರ ಮಾತನ್ನು ತಳ್ಳಿಹಾಕುವುದಿಲ್ಲ. ಚಾರ್ವಾಕರು ಪ್ರತ್ಯಕ್ಷವೊಂದನ್ನೇ ಒಪ್ಪಿದರೆ, ನೈಯಾಯಿಕರು ಶಬ್ದವನ್ನೂ ಪ್ರಮಾಣವೆಂದರು, ಆದರೆ ಹೇಳುವವನು ಆಪ್ತನಾಗಿರಬೇಕು. ಸಂಗತಿಯನ್ನು ಸ್ವತಃ ಅರಿತವನು, ಅರಿತಂತೆಯೇ ಹೇಳಬಯಸುವವನು ಆಪ್ತ. ಹಾಲಿನ ಸಾಲಿನಲ್ಲಿ ಎರಡನೆಯ ಗುಣಕ್ಕೆ ಕೊರತೆಯಿರಲಿಲ್ಲ. ಸುಳ್ಳು ಹೇಳುವ ಉದ್ದೇಶ ಬಹುಪಾಲು ಜನರಿಗೆ ಇರಲಿಲ್ಲ. ಕೊರತೆಯಿದ್ದದ್ದು ಮೊದಲನೆಯದಕ್ಕೆ. ಸಾವಿರ ಜನ ಬೇರೆಬೇರೆಯಾಗಿ ನೋಡಿ ಹೇಳಿದರೆ ಸಾವಿರ ಸಾಕ್ಷಿ. ಒಬ್ಬರಿಂದ ಕೇಳಿ ಒಬ್ಬರು ಹೇಳಿದರೆ ಸಾಕ್ಷಿ ಒಂದೇ, ಸದ್ದು ಮಾತ್ರ ಸಾವಿರದ್ದು.

ಕಣ್ಣೆದುರಿಗಿನ ಗೆರೆಗಳ ಉದ್ದದ ವಿಷಯದಲ್ಲೂ ಜನ ಗುಂಪಿಗೆ ಮಣಿಯುತ್ತಾರೆಂದು ಅಮೆರಿಕದ ಸಾಲಮನ್ ಆಷ್ 1950ರ ದಶಕದ ಪ್ರಯೋಗಗಳಲ್ಲಿ ತೋರಿಸಿದರು. ಉಳಿದವರೆಲ್ಲ ಬೇಕೆಂದೇ ತಪ್ಪು ಉತ್ತರ ಕೊಟ್ಟಾಗ, ಪರೀಕ್ಷೆಗೆ ಒಳಗಾದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಆ ತಪ್ಪಿಗೆ ದನಿಗೂಡಿಸಿದರು. ಆದರೆ ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದರೂ ಸಾಕು, ಮಣಿಯುವುದು ತೀರ ಕಡಿಮೆಯಾಗುತ್ತಿತ್ತು. ಎಲ್ಲರನ್ನೂ ಗೆಲ್ಲುವ ವಾದ ಬೇಕಿರಲಿಲ್ಲ, ಒಂದು ಭಿನ್ನ ದನಿ ಸಾಕಿತ್ತು.

ಉಪನಗರಕ್ಕೆ ಹತ್ತಿರದ ಜ್ಞಾನಭಾರತಿ ಆವರಣದ ಬೆಂಗಳೂರು ವಿಶ್ವವಿದ್ಯಾಲಯ ಒಮ್ಮೆ ಅಂಥ ದನಿಯಾಗಿತ್ತು. ಕುಲಪತಿಯಾಗಿದ್ದ ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿ ರಚಿಸಿದರು. ಪವಾಡಗಳನ್ನು ಪರೀಕ್ಷೆಗೆ ಒಡ್ಡುವಂತೆ ಸತ್ಯಸಾಯಿ ಬಾಬಾ ಅವರಿಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಭಕ್ತರಿಂದಲೂ ಪತ್ರಿಕೆಗಳಲ್ಲೂ ಟೀಕೆಗಳು ಬಂದವು. ಅಧ್ಯಾತ್ಮ ಪ್ರಯೋಗಾಲಯಕ್ಕೆ ಸಿಗುವಂಥದಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಗಾಳಿಯಿಂದ ವಿಭೂತಿ ಬಂತು ಎನ್ನುವುದು ಅಧ್ಯಾತ್ಮದ ಮಾತಲ್ಲ, ಭೌತಿಕ ಘಟನೆಯ ವರದಿ. ಗಾಂಧೀವಾದಿಯಾಗಿ ಸರಳವಾಗಿ ಬದುಕಿದ ನರಸಿಂಹಯ್ಯನವರನ್ನು ಶ್ರದ್ಧೆಯಿಲ್ಲದವರೆಂದು ಬದಿಗೆ ಸರಿಸುವುದೂ ಸುಲಭವಿರಲಿಲ್ಲ.

ಹಾಗಾದರೆ ಸಮೂಹದಿಂದ ಬಂದ ನಂಬಿಕೆಯೆಲ್ಲ ಹುಸಿಯೇ? ಧಾರ್ಮಿಕ ಪರಂಪರೆಗಳು ಹಾಗೆ ಹೇಳುವುದಿಲ್ಲ. ಸತ್ಸಂಗದ ಕಲ್ಪನೆ ನಿಂತಿರುವುದೇ ಜೊತೆಗಿರುವವರು ಮನಸ್ಸನ್ನು ತಿದ್ದುತ್ತಾರೆಂಬ ಅರಿವಿನ ಮೇಲೆ. ಕಲ್ಲುನಾಗನಿಗೆ ಹಾಲೆರೆಯುವ ರೂಢಿಯನ್ನು ಕೆಣಕಿದ ಬಸವಣ್ಣನವರೇ ಶರಣರ ಸಂಗಕ್ಕೆ ಹಂಬಲಿಸಿದವರು. ಎರಡರ ವ್ಯತ್ಯಾಸ ‘ಶೂನ್ಯಸಂಪಾದನೆ’ಯಲ್ಲಿ ಸ್ಪಷ್ಟವಾಗುತ್ತದೆ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಕೂಡಲೇ ಒಪ್ಪಿಕೊಳ್ಳುವುದಿಲ್ಲ. ಸಭೆಯ ನಡುವೆ ನಿಲ್ಲಿಸಿ, ಉಟ್ಟದ್ದನ್ನು ಬಿಟ್ಟ ಮೇಲೆ ಕೂದಲಿನ ಮರೆ ಏಕೆ ಎಂಬಲ್ಲಿಯವರೆಗೂ ಕೇಳುತ್ತಾನೆ. ಅವಳು ಒಂದೊಂದಕ್ಕೂ ಉತ್ತರ ಕೊಟ್ಟ ನಂತರವೇ ಶರಣರ ಸಭೆ ಅವಳನ್ನು ತನ್ನವಳೆನ್ನುತ್ತದೆ.