ಇಚ್ಛಾಪರಿಮಾಣವೂ ದೂರದೇಶದ ಹೊಲವೂ

ಗೃಹಸ್ಥನು ತನ್ನ ಸ್ವತ್ತಿಗೆ ತಾನೇ ಮೇರೆ ಹಾಕಿಕೊಳ್ಳುವ ವ್ರತಕ್ಕೆ ಪರಿಗ್ರಹಪರಿಮಾಣವೆಂದು ಹೆಸರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದೇ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಹೇಳಿದ್ದಾರೆ. ಮೊದಲನೆಯ ಹೆಸರು ಮನೆಯಲ್ಲಿರುವ ವಸ್ತುವನ್ನು ಎಣಿಸುತ್ತದೆ. ಎರಡನೆಯದು ವಸ್ತುವಿನ ಕಡೆಗೆ ಹರಿಯುವ ಮನಸ್ಸನ್ನು ಅಳೆಯುತ್ತದೆ. ಪೆಟ್ಟಿಗೆಯನ್ನು ಬರಿದುಮಾಡಿದವನು ಮೊದಲನೆಯ ಲೆಕ್ಕದಲ್ಲಿ ಉತ್ತೀರ್ಣನಾಗಬಹುದು. ಎರಡನೆಯ ಲೆಕ್ಕದಲ್ಲಿ ಅವನ ಪರೀಕ್ಷೆ ಆಗತಾನೆ ಪ್ರಾರಂಭವಾಗಿರುತ್ತದೆ. ಈ ಎರಡು ಲೆಕ್ಕಗಳೂ ಒಂದಕ್ಕೊಂದು ಎದುರಾಗುವ ಪ್ರಶ್ನೆಯೊಂದು ಇಂದು ಶ್ರಾವಕ ಕುಟುಂಬಗಳ ಮುಂದೆ ಬಂದು ನಿಂತಿದೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಗಳ ಮನೆಗಳಿಂದ ವಿದ್ಯೆಗಾಗಿ ಹೊರಟ ಮಕ್ಕಳು ಮೈಸೂರು, ಬೆಂಗಳೂರುಗಳನ್ನು ದಾಟಿ ಪರದೇಶಗಳಲ್ಲಿ ನೆಲೆಸಿದ್ದಾರೆ. ಕೆಲವು ವರ್ಷಗಳ ದುಡಿಮೆಯ ಅನಂತರ ಅವರಲ್ಲಿ ಒಬ್ಬನಿಗೆ ನಗರಜೀವನದಲ್ಲಿ ಬೇಸರ ಹುಟ್ಟುತ್ತದೆಂದು ಭಾವಿಸೋಣ. ಆ ದೇಶದ ಗುಡ್ಡಗಾಡಿನಲ್ಲಿ ಹತ್ತು ಎಕರೆ ನೆಲವನ್ನು ಕೊಂಡು, ವಿದ್ಯುತ್ ಕಂಬದ ಹಂಗಿಲ್ಲದೆ ಸೂರ್ಯನ ಬಿಸಿಲಿನಿಂದ ದೀಪ ಹೊತ್ತಿಸಿ, ಮಳೆಯ ನೀರನ್ನು ಹಿಡಿದಿಟ್ಟು, ಮರಗಿಡಗಳ ನಡುವೆ ತನ್ನ ಅನ್ನವನ್ನು ತಾನೇ ಬೆಳೆದುಕೊಳ್ಳಬೇಕೆಂಬುದು ಅವನ ಹಂಬಲ. ಆಸ್ಟ್ರೇಲಿಯದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ಅವರು 1978ರಲ್ಲಿ ಪ್ರಕಟಿಸಿದ ಗ್ರಂಥದಿಂದ ಪರ್ಮಾಕಲ್ಚರ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಕೃಷಿಮಾರ್ಗವಿದು. ಹೊರದೇಶದಲ್ಲಿ ನೆಲೆಸಿದವನು ಭಾರತದಲ್ಲಿ ಕೃಷಿಭೂಮಿಯನ್ನು ಕ್ರಯಕ್ಕೆ ಕೊಳ್ಳಲು ಸಾಮಾನ್ಯವಾಗಿ ವಿದೇಶಿ ವಿನಿಮಯದ ನಿಯಮಗಳು ಅವಕಾಶ ಕೊಡುವುದಿಲ್ಲ. ಪಿತ್ರಾರ್ಜಿತವಾಗಿ ಬಂದುದನ್ನು ಅವನು ಇಟ್ಟುಕೊಳ್ಳಬಹುದು. ಆದುದರಿಂದ ಹೊಸದಾಗಿ ಹೊಲ ಬೇಕೆಂದವನ ದೃಷ್ಟಿ ಪರದೇಶದ ನೆಲದ ಮೇಲೆಯೇ ಬೀಳುವುದು ಸಹಜ. ಊರಿನಲ್ಲಿರುವ ತಂದೆಯಾದರೋ ದಶಲಕ್ಷಣ ಪರ್ವದ ಉಪವಾಸಗಳನ್ನು ತಪ್ಪದೆ ಮಾಡುವವನು. ಮಗನು ಹೊರಟಿರುವುದು ತ್ಯಾಗದ ದಾರಿಯಲ್ಲಿಯೋ ಪರಿಗ್ರಹದ ದಾರಿಯಲ್ಲಿಯೋ ಎಂದು ಅವನು ಕೇಳಿದರೆ ಏನೆಂದು ಉತ್ತರ ಹೇಳಬೇಕು?

ಮಗನ ಪಕ್ಷವನ್ನು ಮೊದಲು ನ್ಯಾಯವಾಗಿ ನೋಡಬೇಕು. ಕೃಷಿಯು ಜೈನಧರ್ಮಕ್ಕೆ ಹೊರಗಿನದಲ್ಲ. ಕರ್ಮಭೂಮಿಯ ಆದಿಯಲ್ಲಿ ಆದಿನಾಥ ಸ್ವಾಮಿಯು ಪ್ರಜೆಗಳಿಗೆ ಬೋಧಿಸಿದ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳಲ್ಲಿ ಕೃಷಿಯೂ ಒಂದು. ಅದರಲ್ಲಿ ಸಂಭವಿಸುವ ಹಿಂಸೆಯು ಉದ್ಯೋಗೀ ಹಿಂಸೆ. ಸಂಕಲ್ಪೀ ಹಿಂಸೆಯನ್ನು ಬಿಟ್ಟ ಗೃಹಸ್ಥನಿಗೆ ಅದನ್ನು ಯತ್ನಾಚಾರದಿಂದ ಕಡಿಮೆ ಮಾಡಿಕೊಳ್ಳುವ ಹೊಣೆಯಿದೆ. ನೆಲವನ್ನು ಆಳವಾಗಿ ಉಳದೆ, ತರಗೆಲೆಯ ಹೊದಿಕೆಯ ಕೆಳಗೆ ಮಣ್ಣನ್ನು ಕಾಪಾಡುವ ಈ ಕ್ರಮದಲ್ಲಿ ಎರೆಹುಳು ಮೊದಲಾದ ತ್ರಸಜೀವಿಗಳ ಘಾತ ನೇಗಿಲಿನ ಬೇಸಾಯಕ್ಕಿಂತ ಕಡಿಮೆಯಾಗುವುದು ಸಾಧ್ಯ. ಕೀಟನಾಶಕದ ಸಿಂಪಡಣೆಯೂ ಇಲ್ಲಿ ಇಲ್ಲ. ದೀಪದ ಬೆಳಕು ಮಿತವಾಗಿರುವ ಮನೆಯಲ್ಲಿ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವುದು ತಾನಾಗಿಯೇ ಅಭ್ಯಾಸವಾದೀತು. ನಲ್ಲಿಯ ನೀರನ್ನು ಸೋಸುವವನಿಗೆ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ನೀರು ಬಂದ ಮೂಲಕ್ಕೇ ಹಿಂದಿರುಗಿಸುವ ವಿಧಿ ದುಸ್ಸಾಧ್ಯ. ತೊರೆಯಿಂದಲೋ ಬಾವಿಯಿಂದಲೋ ನೀರು ಸೇದುವವನಿಗೆ ಅದು ಸುಲಭ. ಇಷ್ಟು ಅನುಕೂಲಗಳಿರುವ ಜೀವನವನ್ನು ಬರಿಯ ಹುಚ್ಚೆಂದು ತಳ್ಳಿಹಾಕುವುದು ಧರ್ಮಜ್ಞರಿಗೆ ಉಚಿತವಲ್ಲ.

ಊರಿನ ಬೇಸಾಯವೂ ಪ್ರಶ್ನಾತೀತವಾಗಿ ಉಳಿದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೋಟೆ ತಾಲ್ಲೂಕುಗಳಲ್ಲಿ ಹೊಗೆಸೊಪ್ಪು ಮುಖ್ಯ ಬೆಳೆಗಳಲ್ಲಿ ಒಂದಾಗಿದೆ. ಅದನ್ನು ಹದಮಾಡುವ ಬ್ಯಾರನ್‌ಗಳ ಒಲೆಗೆ ರಾಶಿ ರಾಶಿ ಸೌದೆ ಬೇಕು. ಬೆಳೆಯ ಕೊನೆಯ ಪ್ರಯೋಜನವೋ ವ್ಯಸನ. ಇಂತಹ ಆರಂಭದಿಂದ ದೂರವಾಗಬೇಕೆಂದು ಮಗನು ಹೇಳಿದರೆ ಆ ಮಾತಿನಲ್ಲಿ ಸತ್ಯವಿದೆ.

ಆದರೆ ದೂರವಾಗುವುದು ಬೇರೆ, ಮೇರೆ ಹಾಕಿಕೊಳ್ಳುವುದು ಬೇರೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ವ್ರತಗಳ ಅತಿಚಾರಗಳನ್ನು ಹೇಳುವಾಗ, ಪರಿಗ್ರಹದ ಪಟ್ಟಿಯಲ್ಲಿ ಕ್ಷೇತ್ರ, ವಾಸ್ತು ಇವೆರಡನ್ನೇ ಮೊದಲು ಎಣಿಸಿದ್ದಾರೆ: ಹೊಲ ಮತ್ತು ಮನೆ. ಚಿನ್ನ, ಬೆಳ್ಳಿ, ಧನಧಾನ್ಯಗಳು ಅನಂತರ ಬರುತ್ತವೆ. ಚಿನ್ನದ ಆಸೆ ತನ್ನ ಮುಖವನ್ನು ಮುಚ್ಚಿಕೊಳ್ಳಲಾರದು. ನೆಲದ ಆಸೆಯಾದರೋ ಸರಳತೆಯ ಉಡುಪನ್ನು ತೊಟ್ಟು ಬರಬಲ್ಲದು. ಒಡವೆಯನ್ನು ಕೊಂಡವನನ್ನು ಲೋಕವು ಭೋಗಿಯೆಂದು ಕರೆಯುತ್ತದೆ. ಹತ್ತು ಎಕರೆ ಬೆಟ್ಟವನ್ನು ಕೊಂಡವನನ್ನು ತ್ಯಾಗಿಯೆಂದು ಹೊಗಳಿದರೂ ಹೊಗಳೀತು. ಹೊಗಳಿಕೆಯಿಂದ ಲೆಕ್ಕ ಬದಲಾಗುವುದಿಲ್ಲ.

ದಿಗ್ವ್ರತದ ಅತಿಚಾರಗಳಲ್ಲಿ ಕ್ಷೇತ್ರವೃದ್ಧಿ ಎಂಬುದೊಂದಿದೆ. ಪೂರ್ವಕ್ಕೆ ನೂರು ಯೋಜನ, ಪಶ್ಚಿಮಕ್ಕೆ ನೂರು ಯೋಜನ ಎಂದು ನಿಯಮ ಮಾಡಿಕೊಂಡವನು, ಪೂರ್ವದಲ್ಲಿ ಇಪ್ಪತ್ತನ್ನು ಕಳೆದು ಪಶ್ಚಿಮಕ್ಕೆ ಸೇರಿಸಿಕೊಂಡರೆ ಒಟ್ಟು ಮೊತ್ತ ಹೆಚ್ಚಾಗಲಿಲ್ಲವೆಂದು ವಾದಿಸಬಹುದು. ಶಾಸ್ತ್ರವು ಆ ವಾದವನ್ನು ಒಪ್ಪುವುದಿಲ್ಲ. ಏಕೆಂದರೆ ಮೇರೆಯು ಇಚ್ಛೆಗೆ ಅಡ್ಡ ಬಂದ ಕ್ಷಣದಲ್ಲಿಯೇ ಅವನು ಮೇರೆಯನ್ನು ಸರಿಸಿದನು. ಇಚ್ಛೆ ನಿಂತ ಕಡೆಯೇ ನಿಂತಿತು. ನಗರದ ಸುಖವನ್ನು ಬಿಟ್ಟಿದ್ದೇನೆ, ಆದುದರಿಂದ ಗುಡ್ಡದ ಒಡೆತನ ನನಗೆ ಸಲ್ಲುತ್ತದೆ ಎನ್ನುವವನ ಲೆಕ್ಕವೂ ಇದೇ ಬಗೆಯದು. ಒಂದು ದಿಕ್ಕಿನಲ್ಲಿ ಕಳೆದುದನ್ನು ಇನ್ನೊಂದು ದಿಕ್ಕಿಗೆ ಕೂಡಿಸಿದರೆ ಅದು ವಿನಿಮಯ. ತ್ಯಾಗವೆಂದು ಅದನ್ನು ಕರೆಯಲಾಗದು.

ದೇಶವ್ರತದ ಅತಿಚಾರಗಳು ಇನ್ನೂ ಸೂಕ್ಷ್ಮವಾದವು. ನಿಯಮಿತ ಸ್ಥಳದ ಹೊರಗೆ ತಾನು ಹೋಗದಿದ್ದರೂ ಹೊರಗಿನ ವಸ್ತುವನ್ನು ತರಿಸಿಕೊಳ್ಳುವುದು ಆನಯನ. ಹೊರಗಿನ ಕೆಲಸಕ್ಕೆ ಇನ್ನೊಬ್ಬನನ್ನು ಕಳುಹಿಸುವುದು ಪ್ರೇಷ್ಯಪ್ರಯೋಗ. ಸ್ವಾವಲಂಬನೆಯ ಗುಡ್ಡಕ್ಕೆ ಸೌರಫಲಕ, ಬ್ಯಾಟರಿ, ಕೊಳವೆ, ನೀರಿನ ತೊಟ್ಟಿ, ಬೇಲಿಯ ತಂತಿ ಇವೆಲ್ಲ ಎಲ್ಲಿಂದಲೋ ಬರಬೇಕು. ಅವುಗಳನ್ನು ಗಣಿಯಿಂದ ತೆಗೆದವರು, ಕಾರ್ಖಾನೆಯಲ್ಲಿ ಮಾಡಿದವರು, ಲಾರಿಯಲ್ಲಿ ಹೊತ್ತು ತಂದವರು ಆ ಗುಡ್ಡದಲ್ಲಿ ಕಾಣುವುದಿಲ್ಲ. ಕಾಣದ ಆರಂಭವೂ ಆರಂಭವೇ ಎಂಬುದನ್ನು ದೇಶವ್ರತವು ನೆನಪಿಗೆ ತರುತ್ತದೆ. ಇದಲ್ಲದೆ ಆ ಕೃಷಿಮಾರ್ಗದ ಅನೇಕ ಯೋಜನೆಗಳಲ್ಲಿ ಕೋಳಿ, ಬಾತು, ಮೀನಿನ ಕೊಳಗಳಿಗೂ ಸ್ಥಾನವಿದೆ; ಶ್ರಾವಕನು ಅವನ್ನು ಮೊದಲೇ ಬಿಡಬೇಕಾಗುತ್ತದೆ.

ಕೊಳ್ಳಲ್ಪಡುವ ನೆಲದ ನೆರೆಯವರನ್ನೂ ವಿಚಾರಕ್ಕೆ ತರಬೇಕು. ಇದನ್ನು ತಿಳಿಯಲು ಈ ಸೀಮೆಯ ಜನರಿಗೆ ಪರದೇಶದ ಉದಾಹರಣೆ ಬೇಕಾಗಿಲ್ಲ. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯಕ್ಕಾಗಿ ಕೋಟೆ ಸೀಮೆಯ ಹಳ್ಳಿಗಳು ಮುಳುಗಿದವು. ನಾಗರಹೊಳೆಯ ಕಾಡಿನಿಂದ ಹೊರಬಂದ ಜೇನುಕುರುಬ, ಬೆಟ್ಟಕುರುಬ ಕುಟುಂಬಗಳು ಕಾಡಂಚಿನ ಹಾಡಿಗಳಲ್ಲಿ ಬಾಳುತ್ತಿವೆ. ಅದೇ ಹಿನ್ನೀರಿನ ದಡದಲ್ಲಿ ಇಂದು ವಿಹಾರಧಾಮಗಳು ನಿಂತಿವೆ. ಕರ್ನಾಟಕ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ, ಬೇಸಾಯಗಾರರಲ್ಲದವರೂ ಕೃಷಿಭೂಮಿಯನ್ನು ಕೊಳ್ಳುವುದಕ್ಕೆ ದಾರಿ ಸುಗಮವಾಯಿತು. ಶಾಂತಿಗಾಗಿ ಬಂದ ನಗರವಾಸಿ ಸದ್ಭಾವದವನೇ ಇರಬಹುದು. ಆದರೆ ಅವನ ಬೇಲಿ ಆನೆಯ ದಾರಿಗೆ ಅಡ್ಡವಾದರೆ, ಅವನು ಕೊಟ್ಟ ಬೆಲೆಯಿಂದ ಪಕ್ಕದ ರೈತನ ಮಗನಿಗೆ ಒಂದು ಎಕರೆಯೂ ಎಟುಕದಂತಾದರೆ, ಆ ನೋವಿನಲ್ಲಿ ಅವನ ಪಾಲಿಲ್ಲವೆನ್ನಲಾದೀತೆ? ತನ್ನ ಊರಿನಲ್ಲಿ ಇದನ್ನು ಕಂಡು ಮರುಗುವವನು ಪರರ ಊರಿನಲ್ಲಿ ತಾನೇ ಅಂತಹ ಕ್ರಯದಾರನಾಗುವ ಮುನ್ನ ಎರಡು ಬಾರಿ ಯೋಚಿಸಬೇಕು.

ನೆಲದಿಂದ ಬದುಕುವುದಕ್ಕೂ ನೆಲವನ್ನು ತನ್ನದೆನ್ನುವುದಕ್ಕೂ ಭೇದವುಂಟು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರವು ಟಿಬೆಟಿನ ನಿರಾಶ್ರಿತರಿಗೆ ಗುತ್ತಿಗೆಯ ಮೇಲೆ ಭೂಮಿಯನ್ನು ಕೊಟ್ಟಿತು. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ಮುಂದೆ ಅಂತಹ ವಸತಿ ಬೆಳೆಯಿತು. ಮನೆಮಾರುಗಳನ್ನು ಕಳೆದುಕೊಂಡು ಪರದೇಶಕ್ಕೆ ಬಂದ ಆ ಜನ ತಮ್ಮದಲ್ಲದ ನೆಲದಲ್ಲಿ ಮುಸುಕಿನ ಜೋಳವನ್ನು ಬೆಳೆದು ಜೀವನ ಕಟ್ಟಿಕೊಂಡರು. ಅವರದು ಅನಿವಾರ್ಯತೆ, ವ್ರತವಲ್ಲ. ಆದರೂ ಒಡೆತನವಿಲ್ಲದೆ ದುಡಿದು ಉಣ್ಣಬಹುದೆಂಬುದಕ್ಕೆ ಆ ಹೊಲಗಳು ಸಾಕ್ಷಿ. ಕೃಷ್ಣರಾಜನಗರ ಸೀಮೆಯ ಚಿಕ್ಕಹನಸೋಗೆಯಲ್ಲಿ ಇದಕ್ಕಿಂತ ಹಳೆಯ ಸಾಕ್ಷಿಯಿದೆ. ಒಂದು ಸಾವಿರ ವರ್ಷಗಳ ಹಿಂದೆ ಚೆಂಗಾಳ್ವರ ಆಶ್ರಯದಲ್ಲಿ ಪ್ರಸಿದ್ಧವಾಗಿದ್ದ ಆ ಜೈನಕೇಂದ್ರದಲ್ಲಿ ಆದಿನಾಥನ ತ್ರಿಕೂಟ ಬಸದಿ ಇಂದಿಗೂ ಇದೆ. ಆ ಕಾಲದ ಶಾಸನಗಳಲ್ಲಿ ಭೂಮಿಯ ಮಾತು ಬರುವುದು ಹೆಚ್ಚಾಗಿ ದಾನದ ಪ್ರಸಂಗದಲ್ಲಿ. ನೆಲವನ್ನು ಪಡೆದುದಕ್ಕಿಂತ ಬಿಟ್ಟುಕೊಟ್ಟುದನ್ನು ಕಲ್ಲಿನಲ್ಲಿ ಬರೆಯಿಸಬೇಕೆಂದು ಪೂರ್ವಿಕರು ಎಣಿಸಿದ್ದರು.

ಇನ್ನೊಂದು ನಷ್ಟವನ್ನು ಯಾವ ಸೌರಫಲಕವೂ ತುಂಬಲಾರದು. ಅತಿಥಿಸಂವಿಭಾಗವು ಶ್ರಾವಕನ ವ್ರತಗಳಲ್ಲಿ ಒಂದು. ದಿಗಂಬರ ಮುನಿಗಳು ಕಾಲ್ನಡಿಗೆಯಲ್ಲಿ ವಿಹರಿಸುವವರು; ಸಮುದ್ರದಾಚೆಯ ಗುಡ್ಡಕ್ಕೆ ಅವರ ಆಗಮನವಿಲ್ಲ. ಬಾಗಿಲಲ್ಲಿ ನಿಂತು ಪ್ರತಿಗ್ರಹಣ ಮಾಡುವ ಭಾಗ್ಯ, ಅಷ್ಟಮಿ ಚತುರ್ದಶಿಗಳಲ್ಲಿ ಬಸದಿಯಲ್ಲಿ ಸಾಧರ್ಮಿಗಳೊಡನೆ ಪ್ರೋಷಧವನ್ನು ಕೈಕೊಳ್ಳುವ ಆಸರೆ, ಪಾರಣೆಯ ದಿನ ವೃದ್ಧ ತಂದೆತಾಯಿಗಳಿಗೆ ಕೈಯಾರೆ ಬಡಿಸುವ ವೈಯಾವೃತ್ಯ, ಇವು ಏಕಾಂತದ ಹೊಲದಲ್ಲಿ ಬೆಳೆಯುವ ಫಲಗಳಲ್ಲ. ವಿದ್ಯುತ್ತಿನ ತಂತಿಯನ್ನು ಕಡಿದುಕೊಳ್ಳುವವನು ಸಂಘದ ತಂತುವನ್ನೂ ಕಡಿದುಕೊಳ್ಳುತ್ತಿದ್ದಾನೆಯೇ ಎಂದು ನೋಡಿಕೊಳ್ಳಬೇಕು.

ಉಪವಾಸವನ್ನು ಬಲ್ಲ ಮನೆಗಳಿಗೆ ಈ ವಿಚಾರ ಕಠಿಣವಲ್ಲ. ಉಪವಾಸ ಮಾಡುವ ತಾಯಿ ಅಡುಗೆಮನೆಯನ್ನು ಬಿಟ್ಟು ಓಡುವುದಿಲ್ಲ. ಒಲೆ ಉರಿಯುತ್ತಿರುತ್ತದೆ, ಮಕ್ಕಳು ಉಣ್ಣುತ್ತಿರುತ್ತಾರೆ, ಅನ್ನದ ಪರಿಮಳ ಮನೆಯನ್ನೆಲ್ಲ ತುಂಬಿರುತ್ತದೆ. ಅವಳು ಅದರ ನಡುವೆಯೇ ನಿರಾಹಾರಳಾಗಿರುತ್ತಾಳೆ. ಪ್ರೋಷಧಕ್ಕಾಗಿ ಬಸದಿಯಲ್ಲಿ ಕುಳಿತವರೂ ಅವಧಿ ಮುಗಿದೊಡನೆ ಎದ್ದು ಬರುತ್ತಾರೆ. ಕುಳಿತ ಜಾಗವನ್ನು ತಮ್ಮದೆನ್ನುವುದಿಲ್ಲ. ಉಪವಾಸದ ದಿನವಿಡೀ ನಾಳಿನ ಪಾರಣೆಯ ಭಕ್ಷ್ಯಗಳನ್ನು ಎಣಿಸುವವನ ಹೊಟ್ಟೆ ಮಾತ್ರ ಉಪವಾಸವಿರುತ್ತದೆ. ನಗರದಲ್ಲಿ ಕುಳಿತು ದೂರದ ಗುಡ್ಡದ ಚಿತ್ರಗಳನ್ನು ನೋಡುತ್ತ, ಪರರ ತೋಟಗಳನ್ನು ಕಂಡು ಬೆರಗಾಗುತ್ತ ಕಾಲ ಕಳೆಯುವವನ ಸ್ಥಿತಿಯೂ ಅದೇ. ಸಮಂತಭದ್ರರು ಪರಿಗ್ರಹಪರಿಮಾಣದ ಅತಿಚಾರಗಳಲ್ಲಿ ವಿಸ್ಮಯವನ್ನೂ ಸೇರಿಸಿರುವುದು ಎಷ್ಟು ಔಚಿತ್ಯಪೂರ್ಣವೆಂಬುದು ಇಲ್ಲಿ ತಿಳಿಯುತ್ತದೆ.

ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯ ಬಂಡೆಯ ಮೇಲೆ ಶತಮಾನಗಳಿಂದ ನಿಂತಿರುವ ಬಾಹುಬಲಿಯ ಚರಿತ್ರೆಯೂ ಇದನ್ನೇ ತಿಳಿಸುತ್ತದೆ. ಗೆದ್ದ ಸಾಮ್ರಾಜ್ಯವನ್ನು ಬಿಟ್ಟು, ಒಂದು ವರ್ಷ ಪ್ರತಿಮಾಯೋಗದಲ್ಲಿ ನಿರಾಹಾರನಾಗಿ ನಿಂತರೂ ಆತನಿಗೆ ಕೇವಲಜ್ಞಾನ ಉದಯಿಸಲಿಲ್ಲ. ಜಿನಸೇನಾಚಾರ್ಯರ ಆದಿಪುರಾಣದಂತೆ, ತನ್ನಿಂದ ಭರತನಿಗೆ ಕ್ಲೇಶವಾಯಿತೆಂಬ ಭಾವವು ಮನಸ್ಸಿನಲ್ಲಿ ಉಳಿದಿತ್ತು. ಜನರ ಬಾಯಲ್ಲಿ ಬಂದ ಕಥೆಯಂತೆ, ತಾನು ನಿಂತಿರುವುದು ಭರತನ ನೆಲದಲ್ಲಿ ಎಂಬ ಚಿಂತೆಯು ಶಲ್ಯದಂತೆ ನಾಟಿತ್ತು. ಆ ಮುಳ್ಳು ಕಳೆದದ್ದು ಭರತನು ಬಂದು ಪೂಜಿಸಿದಾಗ. ಅಲ್ಲಿಯವರೆಗೆ ಆತನು ನಿಂತ ಜಾಗವನ್ನು ಬದಲಿಸಲಿಲ್ಲ. ಯಾರಿಗೂ ಸೇರದ ನೆಲವನ್ನು ಹುಡುಕಿಕೊಂಡು ಹೋಗಲಿಲ್ಲ. ಎರಡು ಪಾದಗಳಷ್ಟು ನೆಲವೂ ಶಲ್ಯವಾಗಬಲ್ಲುದಾದರೆ, ಹತ್ತು ಎಕರೆಯ ವಿಷಯದಲ್ಲಿ ಎಷ್ಟು ಎಚ್ಚರ ಬೇಕು!

ಹಾಗಾದರೆ ಪರದೇಶದಲ್ಲಿ ಹೊಲವನ್ನು ಕೊಳ್ಳುವುದು ಸರ್ವಥಾ ನಿಷಿದ್ಧವೇ? ಹಾಗೆ ಹೇಳುವುದಕ್ಕೆ ಶಾಸ್ತ್ರದ ಆಧಾರವಿಲ್ಲ. ಪರಿಮಾಣವನ್ನು ಗೊತ್ತುಪಡಿಸುವ ಸ್ವಾತಂತ್ರ್ಯ ಗೃಹಸ್ಥನಿಗಿದೆ. ಆದರೆ ಕ್ರಮ ತಪ್ಪಬಾರದು. ಮೇರೆ ಮೊದಲು, ಕ್ರಯಪತ್ರ ಅನಂತರ. ಇಷ್ಟು ನೆಲ, ಇಷ್ಟು ಮನೆ, ಇಷ್ಟು ಧನ, ಇದಕ್ಕೆ ಮೀರಿದುದು ದಾನಕ್ಕೆ ಎಂದು ಗುರುಸಾಕ್ಷಿಯಾಗಿ ಮೊದಲು ನಿಶ್ಚಯಿಸಿ, ಊರಿನ ಆಸ್ತಿ, ನಗರದ ಮನೆ, ಬ್ಯಾಂಕಿನ ಹಣ ಇವೆಲ್ಲವನ್ನೂ ಆ ಲೆಕ್ಕದೊಳಗೆ ತಂದ ಮೇಲೆ ಹೊಸ ಹೊಲಕ್ಕೆ ಎಡೆಯುಳಿದರೆ ಅದು ವ್ರತದೊಳಗಿನ ಹೊಲವಾಗುತ್ತದೆ. ಕೊಂಡ ಮೇಲೆ, ಕೊಂಡಷ್ಟಕ್ಕೆ ಸರಿಯಾಗಿ ಮೇರೆಯನ್ನು ಅಳೆದುಕೊಳ್ಳುವವನದು ಬರಿಯ ಆಸ್ತಿಯ ಪಟ್ಟಿ.

ಪರೀಕ್ಷೆಗೆ ಕಾಲಮಿತಿಯ ದೇಶವ್ರತವು ಉತ್ತಮ ಸಾಧನ. ಹಂಬಲವಿರುವವನು ಒಂದು ಚಾತುರ್ಮಾಸದ ಅವಧಿಯನ್ನು ಪಿತ್ರಾರ್ಜಿತ ಹೊಲದಲ್ಲಿಯೇ ಕಳೆಯಲಿ. ಅಲ್ಲಿ ಹೊಗೆಸೊಪ್ಪಿದ್ದರೆ ಅದನ್ನು ಬಿಟ್ಟು ರಾಗಿಯನ್ನೋ ಅವರೆಯನ್ನೋ ಬಿತ್ತಿಸಲಿ, ನೀರನ್ನು ಸೋಸಿ ಕುಡಿಯಲಿ, ಹಗಲಿನಲ್ಲಿಯೇ ಉಣ್ಣಲಿ, ಪರ್ವತಿಥಿಗಳಲ್ಲಿ ಉಪವಾಸವಿರಲಿ, ಆ ನಾಲ್ಕು ತಿಂಗಳು ಹೊಸ ವಸ್ತುವೊಂದನ್ನೂ ತರಿಸದಿರಲಿ. ಸರಳ ಜೀವನವೇ ಅವನಿಗೆ ಬೇಕಾದುದಾದರೆ ಅದು ಅಲ್ಲಿಯೂ ದೊರೆಯುತ್ತದೆ. ತಂದೆತಾಯಿಗಳ ಪಕ್ಕದಲ್ಲಿ, ಬಸದಿಯ ಗಂಟೆ ಕೇಳುವಷ್ಟು ಹತ್ತಿರದಲ್ಲಿ ದೊರೆಯುತ್ತದೆ. ನಾಲ್ಕು ತಿಂಗಳಾದ ಮೇಲೂ ಮನಸ್ಸು ದೂರದ ಗುಡ್ಡವನ್ನೇ ಬೇಡುತ್ತಿದ್ದರೆ, ಅದು ಬೇಡುತ್ತಿರುವುದು ಸರಳತೆಯನ್ನೋ ದೂರವನ್ನೋ ಎಂಬುದು ಅವನಿಗೇ ಸ್ಪಷ್ಟವಾಗುತ್ತದೆ. ಆಗ ಅವನು ಮೇರೆಯನ್ನು ನಿಶ್ಚಯಿಸಲಿ; ತಂದೆಯ ಪ್ರಶ್ನೆಗೆ ಅವನ ಬಾಯಿಂದಲೇ ಉತ್ತರ ಬರುವುದು.