ತುಪ್ಪದ ಪಾವಿತ್ರ್ಯ, ರಕ್ತದ ಲೆಕ್ಕ

ಅಜ್ಜಂಪುರದವರಿಗೆ ಚಿರಪರಿಚಿತವಾದ ಅಮೃತ್ ಮಹಲ್ ರಾಸುಗಳ ಮೂಲ ಮೈಸೂರು ಅರಸರ ಬೆಣ್ಣೆ ಚಾವಡಿ. ಅರಮನೆಗೆ ಹಾಲು ಬೆಣ್ಣೆ ಒದಗಿಸುತ್ತಿದ್ದ ಆ ಚಾವಡಿಗೆ ಅಮೃತ್ ಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಇಂಥ ಸೀಮೆಯಲ್ಲಿ, ಲಕ್ಕವಳ್ಳಿಯಿಂದ ಕಡೂರಿನವರೆಗೆ, ಹೋಳಿಗೆಯ ಮೇಲೆ ಸುರಿಯುವ ತುಪ್ಪವನ್ನು ಬರೀ ಜಿಡ್ಡೆಂದರೆ ಯಾರು ಒಪ್ಪುತ್ತಾರೆ? ಹೋಮಕ್ಕೆ, ನಂದಾದೀಪಕ್ಕೆ ಸಲ್ಲುವುದು ಎದೆಗೆ ಹೇಗೆ ಕೇಡಾದೀತು ಎಂಬ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ನಿಜಕ್ಕೂ ಅದು ಪ್ರಮಾಣದ ಪ್ರಶ್ನೆ: ಯಾವುದನ್ನು ಯಾವುದರಿಂದ ತಿಳಿಯಬೇಕು? ಇದೇ ಜಿಲ್ಲೆಯ ಶೃಂಗೇರಿ ಯಾರ ಹೆಸರಿನಲ್ಲಿ ನಿಂತಿದೆಯೋ ಆ ಶಂಕರರೇ ಗೀತಾಭಾಷ್ಯದಲ್ಲಿ, ಬೆಂಕಿ ತಣ್ಣಗಿದೆಯೆಂದು ನೂರು ಶ್ರುತಿಗಳು ಹೇಳಿದರೂ ಪ್ರಮಾಣವಾಗದು ಎಂದಿದ್ದಾರೆ. ಪುಣ್ಯ ಯಾವುದೆಂದು ಶಾಸ್ತ್ರ ಹೇಳಲಿ. ರಕ್ತನಾಳದೊಳಗೆ ಏನಾಗುತ್ತದೆಂಬುದನ್ನು ನೋಡಿಯೇ ತಿಳಿಯಬೇಕು.

ನೋಡಿದವರು ಕಂಡದ್ದೇನು? ಕೊಲೆಸ್ಟ್ರಾಲ್ ಪಾಪದ ವಸ್ತುವಲ್ಲ. ಜೀವಕೋಶದ ಪೊರೆಗೆ, ಪಿತ್ತರಸಕ್ಕೆ, ಹಾರ್ಮೋನುಗಳಿಗೆ ಅದು ಬೇಕೇ ಬೇಕು. ಬಹುಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಅದನ್ನು ಹೊತ್ತು ತಿರುಗುವ ಎಲ್‌ಡಿಎಲ್ ಕಣಗಳನ್ನು ಹಿಡಿದು ರಕ್ತದಿಂದ ತೆಗೆಯುವುದು ಮುಖ್ಯವಾಗಿ ಯಕೃತ್ತಿನ ಗ್ರಾಹಕಗಳು. ಈ ಗ್ರಾಹಕಗಳನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ತುಪ್ಪದಲ್ಲಿ ಹೇರಳವಾಗಿರುವ ಸ್ಯಾಚುರೇಟೆಡ್ ಕೊಬ್ಬು ಅವುಗಳ ಕೆಲಸವನ್ನು ಕುಗ್ಗಿಸುತ್ತದೆ. ರಕ್ತದಲ್ಲೇ ಉಳಿದ ಕಣಗಳು ನಾಳದ ಗೋಡೆಗೆ ನುಸುಳಿ, ವರ್ಷಗಟ್ಟಲೆ ಸೇರುತ್ತಾ ಉರಿಯೂತ ಎಬ್ಬಿಸುತ್ತವೆ; ಹಾಗೆ ಬೆಳೆದ ಗಂಟು ಒಂದು ದಿನ ಬಿರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತ. ತೆಂಗಿನಲ್ಲಿ ಕೊಲೆಸ್ಟ್ರಾಲೇ ಇಲ್ಲವಲ್ಲ ಎನ್ನುವುದು ನಿಜವೇ. ಆದರೆ ಕೊಬ್ಬರಿ ಎಣ್ಣೆಯ ಶೇ. 80ಕ್ಕೂ ಹೆಚ್ಚು ಭಾಗ ಅದೇ ಸ್ಯಾಚುರೇಟೆಡ್ ಕೊಬ್ಬು. ಸಸ್ಯಾಹಾರದ ಹೆಮ್ಮೆಗೆ ಇಲ್ಲಿ ರಿಯಾಯಿತಿ ಇಲ್ಲ.

ಅಜ್ಜ ಬಟ್ಟಲುಗಟ್ಟಲೆ ತುಪ್ಪ ತಿಂದು ತೊಂಬತ್ತು ದಾಟಿದರು ಎಂಬ ಆಕ್ಷೇಪ ಇದ್ದೇ ಇದೆ. ಐವತ್ತಕ್ಕೇ ಹೋದ ಅಜ್ಜಂದಿರ ಮಾತನ್ನು ಯಾರೂ ಎತ್ತುವುದಿಲ್ಲ. ಬದುಕಿದವರು ದಿನವಿಡೀ ಗೆಯ್ದದ್ದೂ ಲೆಕ್ಕಕ್ಕೆ ಬರುವುದಿಲ್ಲ. ಹಾಗಾದರೆ ಹೃದ್ರೋಗವೆಲ್ಲ ನಾಲಿಗೆಯ ಚಪಲಕ್ಕೆ ಸಿಕ್ಕ ಕರ್ಮಫಲವೇ ಎಂದು ಕೇಳಬಹುದು. ಈ ಮಾತು ಮೊದಲಿನದಕ್ಕಿಂತ ಕ್ರೂರ. ಗ್ರಾಹಕಗಳ ದೋಷವನ್ನು ಹುಟ್ಟಿನಿಂದಲೇ ಪಡೆದವರಿದ್ದಾರೆ. ಎಷ್ಟೇ ಪಥ್ಯ ಮಾಡಿದರೂ ಅವರ ಎಲ್‌ಡಿಎಲ್ ಸಾಕಷ್ಟು ಇಳಿಯದು. ಕಾರಣವಿದ್ದಲ್ಲೆಲ್ಲ ಅಪರಾಧ ಇರಬೇಕಾಗಿಲ್ಲ. ಅಂಥವರ ಎಲೆಯತ್ತ ಬೆರಳು ತೋರಿಸುವ ಅಧಿಕಾರ ಯಾರಿಗೂ ಇಲ್ಲ, ಎಲ್‌ಡಿಎಲ್ ಇಳಿಸಲು ಅವರು ನುಂಗುವ ಸ್ಟ್ಯಾಟಿನ್ ಮಾತ್ರೆಯಿಂದ ಯಾವ ವ್ರತವೂ ಕೆಡುವುದಿಲ್ಲ.